ಇಂದಿರಾಬಾಯಿಯವರ ಕೃತಜ್ಞತೆಯ ಪುಟ

ಹಾವೇರಿ ಕೋರ್ಟಿನ ಹಿಂದಿನ ಓಣಿಯಲ್ಲಿ ಇಂದಿರಾಬಾಯಿಯವರ ಟೈಪಿಂಗ್ ಅಂಗಡಿ ಇದೆ. ಹಲಗೆಯ ಮೇಲೆ 'ಎಲ್ಲ ತರಹದ ಬೆರಳಚ್ಚು' ಎಂದು ಬರೆಸಿದ್ದಾರೆ. ಅದು ಸುಳ್ಳಲ್ಲ. ಮೆಣಸಿನ ಗಿಡದ ಎಲೆ ಮುದುಡುವ ರೋಗ, ಹಳೇ ಶಾಸನಗಳಲ್ಲಿ ತೆರಿಗೆ, ಹೈಸ್ಕೂಲು ಹುಡುಗಿಯರ ರಕ್ತಹೀನತೆ, ವರದಾ ನದಿಯ ಮೀನು, ಸಹಕಾರ ಸಂಘಗಳ ಏಳುಬೀಳು. ವಿಶ್ವವಿದ್ಯಾಲಯದಲ್ಲಿ ಬೇರೆಬೇರೆ ಕಟ್ಟಡದಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡದ ಪಿಎಚ್‌ಡಿ ವಿಷಯಗಳೆಲ್ಲ ಇಲ್ಲಿ ಒಂದೇ ಬೆಂಚಿನ ಮೇಲೆ ಸರದಿಗೆ ಕಾಯುತ್ತವೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನಲ್ಲಿ ಹೆಸರಿನ ಮುಂದೆ 'ಡಾ.' ಹಾಕಿಕೊಂಡು ತಿರುಗುವ ನಮ್ಮಲ್ಲಿ ಅರ್ಧ ಜನರ ಬಂಡವಾಳ ಬಾಯಾರಿಗೆ ಗೊತ್ತು. ಅವರು ಬಾಯಿ ಬಿಡುವುದಿಲ್ಲ, ಅದು ನಮ್ಮ ಪುಣ್ಯ.

"ವಿಷಯ ಯಾವುದರೆ ಇರ್ಲಿ, ಎರಡನೇ ಅಧ್ಯಾಯ ಎಲ್ಲಾರದೂ ಒಂದೇ," ಎನ್ನುತ್ತಿದ್ದರು. "ಮಂದಿ ಬರದದ್ದನ್ನ ಮತ್ತ ಬರಿಯೋದು."

ನಾನು ಅವರ ಬೆಂಚಿಗೆ ಬಂದದ್ದು ಹತ್ತು ವರ್ಷದ ಹಿಂದೆ. ಊರು ಕರ್ಜಗಿ, ಹೆಸರು ಮಾಲತೇಶ, ವಿಷಯ ಸಮಾಜಶಾಸ್ತ್ರ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಬದುಕಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಐದನೇ ಅಧ್ಯಾಯ ಕೊಟ್ಟ ಮರುದಿನವೇ ಬಾಯಾರು ಫೋನ್ ಮಾಡಿ ಕರೆಸಿದರು.

"ಏನಪಾ, ನಾಲ್ಕನೇದರಾಗ ಐವತ್ತು ಹೆಣ್ಮಕ್ಕಳನ್ನ ಮಾತಾಡ್ಸೀನಿ ಅಂತ ಬರದೀದಿ. ಇಲ್ಲೆ ಕೋಷ್ಟಕ ಕೂಡಿಸಿದ್ರ ನಲವತ್ತೆರಡು ಬರ್ತದ. ಎಂಟು ಮಂದಿ ಎಲ್ಲಿ ಹೋದ್ರು?"

"ಐವತ್ತು ಅಂದ್ರ ಶೇಕಡಾ ತೆಗಿಯಾಕ ಸಸಾರ ಆಕ್ಕೈತ್ರಿ ಬಾಯಾರ," ಎಂದೆ. ಹಲ್ಲು ಕಿರಿದದ್ದೂ ನೆನಪಿದೆ.

"ಬ್ಯಾಡಗಿ ಬಸ್ಸು ಹನ್ನೊಂದಕ್ಕದ. ಎಂಟು ಮಂದೀನ ಮಾತಾಡ್ಸಿಕೊಂಡು ಬಾ. ಇಲ್ಲದವರನ್ನ ನಾ ಟೈಪ್ ಮಾಡೂದಿಲ್ಲ."

ನನ್ನ ಮಾರ್ಗದರ್ಶಕರಿಗೇ ಕಾಣದ ಎಂಟು ಹೆಂಗಸರು ಇವರಿಗೆ ಕಂಡಿದ್ದರು. ಹೋಗಲೇಬೇಕಾಯಿತು. ಪ್ಯಾಂಟು ಹಾಕಿಕೊಂಡು ಕಾಗದ ಹಿಡಿದು ಬಂದ ಗಂಡಸಿಗೆ ಆ ಹೆಂಗಸರು ಮೊದಲಿಂದಲೂ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಅವ್ವನನ್ನು ಕರೆದೊಯ್ಯುತ್ತಿದ್ದೆ. ಅವ್ವ, ಉಚ್ಚಂಗೆವ್ವ, ಅವರ ನಡುವೆ ಕೂತು ತಾನೂ ಒಂದು ಗುಡ್ಡೆ ಮೆಣಸಿನಕಾಯಿ ಎಳೆದುಕೊಂಡು, ಸೀನುತ್ತ, ತೊಟ್ಟು ಬಿಡಿಸುತ್ತ, ನನ್ನ ಪ್ರಶ್ನೆಗಳನ್ನು ತನ್ನ ಮಾತಿನಲ್ಲಿ ಕೇಳುತ್ತಿದ್ದಳು. ಆ ಪ್ರಬಂಧದಲ್ಲಿ ಏನಾದರೂ ಜೀವವಿದ್ದರೆ ಅದು ಅವ್ವ ಕೇಳಿದ್ದು. ನಾನು ಬರೆದುಕೊಂಡೆ, ಅಷ್ಟೆ.

ಬಾಯಾರು ನನ್ನ ಮೇಲೆ ಇಷ್ಟು ಕಣ್ಣಿಟ್ಟದ್ದಕ್ಕೆ ಕಾರಣ ನನ್ನ ಊರು. ಮೊದಲ ದಿನ ಕರ್ಜಗಿ ಎಂದ ಕೂಡಲೇ ಅವರ ಕೈ ಕೀಲಿಮಣೆಯ ಮೇಲೆ ನಿಂತಿತ್ತು.

"ಗೂಡುಸಾಬನ ಓಣಿ ಗೊತ್ತದೇನು?"

ನನಗೆ ಗೊತ್ತಿರಲಿಲ್ಲ. ಆಮೇಲೆ ಅವರೇ ಹೇಳಿದರು. ಒಂದೇ ಸಲಕ್ಕಲ್ಲ, ಪ್ರಿಂಟರಿಗೆ ಹಾಳೆ ತುಂಬುವಾಗ ಒಂದಿಷ್ಟು, ಕರೆಂಟು ಹೋದಾಗ ಒಂದಿಷ್ಟು.

ಬಾಯಾರು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಮೊದಲ ದರ್ಜೆ ಪಡೆದು, ಪಿಎಚ್‌ಡಿಗೆ ಹೆಸರು ಹಚ್ಚಿದವರು. ವಿಷಯ ಹಾವೇರಿ ಸೀಮೆಯ ಹಗೇವುಗಳು. ಹಗೇವು ಎಂದರೆ ಮನೆಯ ಮುಂದೆ ನೆಲದೊಳಗೆ ತೋಡಿ ಜೋಳ ತುಂಬಿಡುತ್ತಿದ್ದ ಆಳದ ಗುಳಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ತೆರೆದೊಡನೆ ಇಳಿದವರು ಉಸಿರು ಕಟ್ಟಿ ಸಾಯುವುದುಂಟು. ಕರ್ಜಗಿಯಲ್ಲಿ ಹಗೇವಿಗೆ ಇಳಿಯುವವನೆಂದರೆ ಗೂಡುಸಾಬ. ಮೊದಲು ಕಂದೀಲು ಇಳಿಬಿಡುತ್ತಿದ್ದ. ಅದು ಆರದಿದ್ದರೆ ತಾನು ಇಳಿಯುತ್ತಿದ್ದ.

ಇಪ್ಪತ್ತನಾಲ್ಕರ ಬಾಯಾರು ಸೀರೆಯ ಸೆರಗು ಸಿಕ್ಕಿಸಿ, ನೋಟ್‌ಬುಕ್ ಹಿಡಿದು, ಬಸ್ಸಿನಲ್ಲಿ ಕರ್ಜಗಿ, ಹೊಸರಿತ್ತಿ ಎಂದು ತಿರುಗಿದರು. ಗೂಡುಸಾಬ ಅವರಿಗೆ ಮಣ್ಣಿನ ಬಣ್ಣ, ಗೋಡೆಯ ಲೇಪ, ಯಾವ ಹುಲ್ಲು ಹೊದಿಸಿದರೆ ಕಾಳು ಎಷ್ಟು ವರ್ಷ ಬಾಳುತ್ತದೆ ಎಲ್ಲ ಹೇಳಿಕೊಟ್ಟ. ಒಂದು ದಿನ ಕಂದೀಲು ಬಿಟ್ಟು ನೋಡಿ, ಇವರ ನಡಕ್ಕೆ ಹಗ್ಗ ಕಟ್ಟಿ, ಒಂದು ಖಾಲಿ ಹಗೇವಿಗೆ ಇಳಿಸಿಯೂ ಬಿಟ್ಟನಂತೆ. "ಒಳಗ ನಿಂತು ಮ್ಯಾಲೆ ನೋಡಿದ್ರ ಆಕಾಶ ಒಂದು ತಾಟಿನಷ್ಟು ಕಾಣ್ತಿತ್ತು," ಎಂದು ಹೇಳುವಾಗ ಬಾಯಾರು ಅಂಗಡಿಯ ತಗಡಿನ ಕಡೆ ಮುಖ ಎತ್ತುತ್ತಿದ್ದರು. ಆ ಮುಖ ಐವತ್ತು ದಾಟಿದ ಹೆಂಗಸಿನದಾಗಿರುತ್ತಿರಲಿಲ್ಲ.

ಮೇಲೆ ಬಂದಾಗ ಗೂಡುಸಾಬ ಕೇಳಿದ್ದನಂತೆ: "ಬಾಯಾರ, ಪುಸ್ತಕದಾಗ ನನ್ನ ಹೆಸರು ಬರತೈತೇನ್ರಿ? ದೊಡ್ಡ ಸಾಲ್ಯಾಗ ಓದ್ತಾರೇನ್ರಿ?"

"ಮೊದಲನೇ ಹೆಸರು ನಿಂದೇ," ಎಂದು ಇವರು ಮಾತು ಕೊಟ್ಟರು. ಅವತ್ತೇ ರಾತ್ರಿ ಕೃತಜ್ಞತೆಯ ಪುಟ ಬರೆದರು. ಒಂದು ಅಧ್ಯಾಯವೂ ಆಗಿರಲಿಲ್ಲ. ಜೋಳ ಬಿತ್ತುವ ಮೊದಲೇ ರೊಟ್ಟಿ ಹಂಚಿದ ಹಾಗಾಯಿತು ಎಂದು ತಮಗೆ ತಾವೇ ನಗುತ್ತಿದ್ದರು.

ಮುಂದಿನ ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅವರ ತಂದೆಗೆ ಲಕ್ವಾ ಹೊಡೆಯಿತು. ಕೆಳಗೆ ಇಬ್ಬರು ತಂಗಿಯರು. ಮಾರ್ಗದರ್ಶಕರು, "ಮೊದ್ಲ ಮನಿ ನೋಡ್ಕೊಳಮ್ಮ, ಹಗೇವು ಎಲ್ಲಿ ಓಡಿ ಹೋಗ್ತಾವ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹಗೇವುಗಳು ಓಡಿಯೇ ಹೋದವು. ಒಂದೊಂದೇ ಹಗೇವಿಗೆ ಮಣ್ಣು ತುಂಬಿ ಮೇಲೆ ಸಿಮೆಂಟು ಹಾಕಿದರು. ಬಾಯಾರು ತಂದೆಯ ಪರಿಚಯದವರ ಓಣಿಯಲ್ಲಿ ಟೈಪ್‌ರೈಟರ್ ಇಟ್ಟು ಕೂತರು. ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಅವರ ಹೆಸರಿನ ಅವಧಿ ತೀರಿತು.

ಗೂಡುಸಾಬ ಮಾತ್ರ ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂಡುತ್ತಿದ್ದ. "ಆತೇನ್ರಿ ಬಾಯಾರ?" ಎನ್ನುತ್ತಿದ್ದ. "ಆಗ್ತದ ಗೂಡುಸಾಬ," ಎನ್ನುತ್ತಿದ್ದರು ಇವರು. ಕೊನೆಯ ಸಲ ಬಂದಾಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಟಕಟಕ ಸದ್ದು ಕೇಳಿ, "ಬರಿಯಾಕತ್ತೀರಿ ಹೌದಲ್ರಿ?" ಎಂದು ಖುಷಿಪಟ್ಟು ಎದ್ದು ಹೋದ. ಬಾಯಾರು ಅವತ್ತು ಯಾರದೋ ಆಸ್ತಿಯ ಖರೀದಿ ಪತ್ರ ಟೈಪ್ ಮಾಡುತ್ತಿದ್ದರು. ಆ ಮಳೆಗಾಲದಲ್ಲಿ ಗೂಡುಸಾಬ ತೀರಿಕೊಂಡ.

ಅದಾಗಿ ಕಂಪ್ಯೂಟರ್ ಬಂತು. ಅದರಲ್ಲಿ ಬಾಯಾರು ಕಲಿಯಲೆಂದು ಹೊಡೆದ ಮೊದಲ ಪುಟ ತಮ್ಮ ಹಳೆಯ ಕೃತಜ್ಞತೆಯದು. ಮುಂದೆ ಯಾರ ಪ್ರಬಂಧ ಬಂದರೂ ಅದೇ ಪುಟ ತೆರೆದು, ಹಳೆಯ ಸಾಲು ಅಳಿಸಿ, ಅವರವರ ಸಾಲು ತುಂಬಿ, ಬೇರೆ ಹೆಸರಿನಲ್ಲಿ ಉಳಿಸುತ್ತಿದ್ದರು. ಅಳತೆ, ಅಕ್ಷರದ ಗಾತ್ರ ಎಲ್ಲ ಅಲ್ಲಿ ಸಿದ್ಧ ಇದೆ ಎಂಬುದು ಅವರು ಕೊಡುವ ಕಾರಣ. ನಾನು ನಂಬುವುದಿಲ್ಲ. ದಿನಕ್ಕೊಮ್ಮೆ ಆ ಹೆಸರು ನೋಡುವುದಕ್ಕೆ ಅವರಿಗೆ ಒಂದು ನೆವ ಬೇಕಿತ್ತು.

ಅವರದೊಂದು ಕಟ್ಟಳೆಯೂ ಇತ್ತು. ಕೃತಜ್ಞತೆಯನ್ನು ಮನೆಯಿಂದ ಬರೆದು ತರುವ ಹಾಗಿಲ್ಲ. ತಂದರೆ ಒಬ್ಬರದನ್ನು ಒಬ್ಬರು ನಕಲು ಮಾಡಿರುತ್ತಾರೆ. ಮೀನಿನವನೂ ಶಾಸನದವನೂ ಅದೇ ಹೆಂಡತಿಗೆ ಅದೇ ಮಾತಿನಲ್ಲಿ ಋಣಿಯಾಗಿರುತ್ತಾರೆ. "ಇಲ್ಲೇ ಕುಂತು ಬರಿ. ಯಾರು ಖರೇ ನೆನಪಾಗ್ತಾರ ಅವರನ್ನ ಬರಿ," ಎಂದು ಚಹಾ ತರಿಸಿ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಕೊನೆಯ ಸಾಲು ಮಾತ್ರ ಎಲ್ಲರದೂ ಒಂದೇ: ಅಂದವಾಗಿ ಬೆರಳಚ್ಚು ಮಾಡಿಕೊಟ್ಟ ಇಂದಿರಾಬಾಯಿ ಹಾಗೂ ಬೈಂಡಿಂಗ್ ಮಾಡಿದ ಅಬ್ದುಲರಜಾಕ ಇವರಿಗೆ ವಂದನೆಗಳು.

ನಾನೂ ಬೆಂಚಿನ ಮೇಲೆ ಕೂತು ಬರೆದೆ. ಅವ್ವನ ಬಗ್ಗೆ ನಾಲ್ಕು ಸಾಲು ಬರೆದು ಕಣ್ಣು ಒರೆಸಿಕೊಂಡೆ. ಪ್ರಬಂಧ ಸಲ್ಲಿಸಲು ಅದೇ ಕೊನೆಯ ದಿನ. ಬಾಯಾರು ಹಳೆಯ ಪುಟ ತೆರೆದು, ಅಳಿಸಿ, ನನ್ನದನ್ನು ಹೊಡೆದು ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಕಡತ ತೆರೆದು, ಅವಸರದಲ್ಲಿ ಹಾಗೇ ಪ್ರಿಂಟ್ ಒತ್ತಿದರು. ಹೊಸದು ಉಳಿದಿರಲಿಲ್ಲ, ಹಳೆಯದೇ ಮರಳಿ ಬಂದಿತ್ತು. ಇಪ್ಪತ್ತೈದು ವರ್ಷದಲ್ಲಿ ಅವರು ಮಾಡಿದ ತಪ್ಪು ಅದೊಂದೇ. ನಾನಾದರೂ ನೋಡಬೇಕಿತ್ತು. ಮುಖಪುಟದಲ್ಲಿ ನನ್ನ ಹೆಸರು ಸರಿಯಾಗಿದೆಯೇ ಎಂದಷ್ಟೇ ನೋಡಿ, ಬೈಂಡಿಂಗಿಗೆ ಓಡಿದೆ.

ಆರು ತಿಂಗಳಾದ ಮೇಲೆ ಮೌಖಿಕ ಪರೀಕ್ಷೆ ಇಟ್ಟರು. ಅದು ಯಾರು ಬೇಕಾದರೂ ಬಂದು ಕೂಡಬಹುದಾದ ಸಭೆ. ಅವ್ವನಿಗೆ, "ನಿನ್ನ ಹೆಸರು ಅಚ್ಚಾಗೈತಿ ಬಾ," ಎಂದು ಹೇಳಿ ಇಳಕಲ್ ಸೀರೆ ಉಡಿಸಿ ಕರೆದುಕೊಂಡು ಹೋದೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಮಾತು ಮೆಲ್ಲಗೆ. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಕನ್ನಡಕ ಸರಿಮಾಡಿಕೊಂಡು, "ಒಂದು ಸಂದೇಹ ಉಳಿದಿದೆ," ಎಂದು ಗಟ್ಟಿಯಾಗಿ ಓದಿದರು:

"'ಈ ಅಧ್ಯಯನಕ್ಕೆ ಮೊದಲ ದೀಪ ಹಿಡಿದವರು ಕರ್ಜಗಿಯ ಗೂಡುಸಾಬ. ಹಗೇವಿನೊಳಗೆ ತಮ್ಮ ಕಂದೀಲನ್ನು ಇಳಿಬಿಟ್ಟು, ಅದು ಆರದಿದ್ದಾಗ ಮಾತ್ರ ನನ್ನನ್ನು ಇಳಿಸಿದರು. ನಾನು ಬರೆದಿರುವುದೆಲ್ಲ ಅವರು ಇಳಿದು ಕಂಡದ್ದೇ.' ಮಾಲತೇಶ ಅವರೇ, ಮೆಣಸಿನಕಾಯಿಗೂ ಹಗೇವಿಗೂ ಏನು ಸಂಬಂಧ?"

ಅದು ಯಾರ ಪುಟ ಎಂದು ನನಗೆ ಕೂಡಲೇ ತಿಳಿಯಿತು. ಮಾರ್ಗದರ್ಶಕರ ಮುಖ ಕಪ್ಪಿಟ್ಟಿತು. ಪಿಎಚ್‌ಡಿ ಕೈತಪ್ಪಿತು ಎಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅವ್ವ ಎದ್ದಳು.

"ಗೂಡಣ್ಣ ನಮ್ಮೂರಾಂವ್ರಿ. ನಾ ಮದಿವ್ಯಾಗಿ ಬಂದ ವರ್ಷ ನಮ್ಮ ಮೈದುನ ಕಂದೀಲ ಬಿಡದ ಹಗೇವಿಗೆ ಇಳದು ಉಸಿರ ಕಟ್ಟಿ ಬಿದ್ದಿದ್ದ. ಗೂಡಣ್ಣ ನಡಕ್ಕ ಹಗ್ಗ ಕಟಗೊಂಡು ಇಳದು ಹೊತಗೊಂಡು ಬಂದ. ಇವ ಅವನ ಹೆಸರು ಯಾಕ ಬರದಾನ ನನಗ ಗೊತ್ತಿಲ್ರಿ. ಆದ್ರ ಬರದದ್ದು ಚೊಲೊ ಆತು."

ಪರೀಕ್ಷಕರು ಅವ್ವನ ಕಡೆ ತಿರುಗಿದರು. "ಆ ಹೆಸರನ್ನು ಇನ್ನೊಮ್ಮೆ ಹೇಳಿರಮ್ಮ," ಎಂದರು. ಅವ್ವ ಹೇಳಿದಳು. ಅವರೂ ಒಮ್ಮೆ, "ಗೂಡುಸಾಬ," ಎಂದು ಪುಸ್ತಕ ಮುಚ್ಚಿದರು. ಕೊನೆಯ ಪ್ರತಿಯಲ್ಲಿ ಪುಟ ತಿದ್ದಿ ಕೊಡಬೇಕೆಂಬ ಷರತ್ತಿನ ಮೇಲೆ ನಾನು ಪಾಸಾದೆ.

ಬಸ್ಸಿನಲ್ಲಿ ಅವ್ವ, "ನನ್ನ ಹೆಸರು ಯಾವಾಗ ಓದಿದ್ರೋ? ನನಗ ಕೇಳಲೇ ಇಲ್ಲ," ಎಂದಳು. ನನಗೆ ಮೈಯೆಲ್ಲ ಉರಿದು ಹೋಯಿತು. ಅವ್ವನನ್ನು ನಿಲ್ದಾಣದಲ್ಲಿ ಕೂರಿಸಿ ನೆಟ್ಟಗೆ ಅಂಗಡಿಗೆ ಹೋದೆ. ಬಾಯಾರ ಎದುರು ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಹಗೇವಿನ ಹುಚ್ಚಿಗೆ ನಮ್ಮವ್ವನ ಹೆಸರು ಹೋಯಿತು ಎಂದೆ. ಈಗಲೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

ಬಾಯಾರು ಬಿಳಿಚಿಕೊಂಡರು. "ಅಯ್ಯ, ನಿಮ್ಮವ್ವನ ಹೆಸರು ಕಳದೆನಲ್ಲೋ," ಎಂದು ತಲೆಗೆ ಕೈ ಹಚ್ಚಿಕೊಂಡು ಕೂತರು. ಅಳುತ್ತಾರೇನೋ ಎಂದುಕೊಂಡೆ. ಅವರು ತಲೆ ಎತ್ತಿ, ಮೆಲ್ಲಗೆ ಕೇಳಿದರು:

"ಅವರು ಓದಿದ್ರಾ? ಗಟ್ಟಿಯಾಗಿ?"

"ಓದಿದ್ರಿ."

"ಹೆಸರು ಹೆಂಗ ಓದಿದ್ರು? ಹೇಳು."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಪರೀಕ್ಷಕರ ಹಾಗೆಯೇ ದನಿ ತೆಗೆದು ಮೂರೂ ಸಾಲು ಹೇಳಿದೆ. ಅವ್ವ ಎದ್ದು ಹೇಳಿದ್ದನ್ನೂ ಹೇಳಿದೆ. ಬಾಯಾರು ಕಣ್ಣು ಮುಚ್ಚಿ ಕೇಳಿದರು. ನೀರು ಗಲ್ಲದ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಎಷ್ಟು ಮಂದಿ ಇದ್ರು ಅಲ್ಲೆ?"

ಆ ಕೋಣೆಯಲ್ಲಿ ಅವ್ವನನ್ನೂ ನನ್ನನ್ನೂ ಹಿಡಿದು ಹನ್ನೊಂದು ಜನ ಇದ್ದೆವು. ಬಾಯಾರ ಮುಖ ನೋಡಿ, "ಮೂವತ್ತರ ಮ್ಯಾಲ ಇದ್ರಿ," ಎಂದೆ.

ಆಮೇಲೆ ಅವರು ಕಂಪ್ಯೂಟರಿನ ಕಡೆ ತಿರುಗಿ ಪುಟ ತೆರೆದರು. ಗೂಡುಸಾಬನ ಸಾಲು ಇರಲಿ, ಅದರ ಕೆಳಗೆ ಅವ್ವನ ಹೆಸರು ಹಾಕಿರಿ ಎಂದು ನಾನು ಕೇಳಿಕೊಂಡೆ. ಅವರು ಒಪ್ಪಲಿಲ್ಲ.

"ಮಾತು ಕೊಟ್ಟಾಕಿ ನಾನು. ನಿನ್ನ ಪುಸ್ತಕದಾಗ ಬಂದ್ರ ನನ್ನ ಮಾತು ತೀರೂದಿಲ್ಲ. ನಡಿ, ನಿಮ್ಮವ್ವನ ಸಾಲು ಹೇಳು."

ಒಂದೊಂದೇ ಅಕ್ಷರ ಅಳಿಸಿದರು. ನಾನು ಹೇಳಿದ ಹಾಗೆ ಅವ್ವನ ಸಾಲುಗಳನ್ನು ಹೊಡೆದು, ಎರಡು ಸಲ ಉಳಿಸಿದರು. ಹಳೆಯದನ್ನು ಮೊದಲೇ ಬೇರೆ ಹೆಸರಿನಲ್ಲಿ ಎತ್ತಿಟ್ಟುಕೊಂಡಿದ್ದರು. ಉಚ್ಚಂಗೆವ್ವನ ಹೆಸರು ಈಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಗೂಡುಸಾಬನದು ಇಲ್ಲ.

ನಾನೀಗ ರಾಣೇಬೆನ್ನೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನಿಮ್ಮ ನೋಟ್‌ಬುಕ್ಕುಗಳನ್ನು ಈಗಲಾದರೂ ಬರೆದು ಮುಗಿಸಿರಿ ಎಂದು ಬಾಯಾರಿಗೆ ಹಲವು ಸಲ ಹೇಳಿದ್ದೇನೆ. "ನೋಡೂದಕ್ಕ ಒಂದು ಹಗೇವರೆ ಉಳದದೇನು?" ಎನ್ನುತ್ತಾರೆ. ಆದರೆ ಹಾವೇರಿಗೆ ಹೋದಾಗಲೆಲ್ಲ ನನಗೆ ಬೆಂಚು, ಚಹಾ ಆಗಬೇಕು. ಚಹಾ ಮುಗಿಯುವ ಹೊತ್ತಿಗೆ ಬಾಯಾರು ಪರದೆಯ ಮೇಲಿನ ಕಣ್ಣು ಕೀಳದೆ, "ಅವತ್ತಿಂದು ಒಮ್ಮೆ ಹೇಳಪಾ," ಎನ್ನುತ್ತಾರೆ.

ನಾನು ಹೇಳುತ್ತೇನೆ. ಹೇಳುವಾಗಲೆಲ್ಲ ಒಬ್ಬಿಬ್ಬರನ್ನು ಸೇರಿಸುತ್ತೇನೆ. ಒಮ್ಮೆ ಇತಿಹಾಸ ವಿಭಾಗದವರೆಲ್ಲ ಬಂದಿದ್ದರು ಎಂದೆ, ಇನ್ನೊಮ್ಮೆ ಕೃಷಿಯವರೂ ಇದ್ದರು ಎಂದೆ. ಮೊನ್ನೆ ಹೋದಾಗ ಕುರ್ಚಿ ಸಾಲದೆ ಜನ ಬಾಗಿಲಲ್ಲಿ ನಿಂತಿದ್ದರು ಎಂದು ಹೇಳಿ ಬಂದೆ. ಎಂಟು ಹೆಂಗಸರಿಗಾಗಿ ನನ್ನನ್ನು ಬ್ಯಾಡಗಿಗೆ ಓಡಿಸಿದ ಬಾಯಾರು, ಇಷ್ಟು ಮಂದಿ ಎಲ್ಲಿಂದ ಬಂದರು ಎಂದು ಇಲ್ಲಿಯವರೆಗೆ ಒಮ್ಮೆಯೂ ಕೇಳಿಲ್ಲ.