ಚೌಕವಾಗಿ ಕಂಡ ಟ್ಯಾಬಿನ ಮೂಲೆ

ಸ್ನೇಹಿತರೇ, ಇವತ್ತು ಪುಂಜಾಲಕಟ್ಟೆಯ ಹಮೀದಾಕರಿಗೆ ನಾನು ಮಾಡಿದ ವೆಬ್‌ಸೈಟ್ ತೋರಿಸಲು ಹೋಗಿದ್ದೆ. ಹಮೀದಾಕ ಅಂದರೆ ನಮ್ಮ ಕಡೆ ಹಮೀದಣ್ಣ ಅಂದ ಹಾಗೆ; ಅವರದು ಮರದ ಸಾಮಾನಿನ ಅಂಗಡಿ. ಸೈಟಿನ ಮೇಲ್ಗಡೆ ಮಂಚ, ಮೇಜು, ಕಪಾಟು, ವಿಳಾಸ ಎಂದು ನಾಲ್ಕು ಟ್ಯಾಬ್. ನನ್ನ ಕಂಪ್ಯೂಟರಿನಲ್ಲಿ ಅವುಗಳ ಮೂಲೆಗಳು ದುಂಡಗಿದ್ದವು. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲವೂ ಚೌಕ.

“ಮೂಲೆ ಉರುಟು ಮಾಡಿದ್ದೇನೆ ಅಂತ ಹೇಳಿದ್ರಲ್ಲ ಮೇಡಂ?”

“ನಿಮ್ಮ ಬ್ರೌಸರ್ ಹಳೆಯದು ಹಮೀದಾಕ. ಹೊಸದರಲ್ಲಿ ಉರುಟೇ ಕಾಣ್ತದೆ.”

ಅವರು ಪಕ್ಕದ ಮೇಜಿನ ಅಂಚು ಸವರುತ್ತ ಕೇಳಿದರು: “ನನ್ನ ಮೇಜಿನ ಮೂಲೆ ಗಿರಾಕಿಯ ಮೊಣಕಾಲಿಗೆ ತಾಗಿದ್ರೆ, ನಿಮ್ಮ ಕಾಲು ಹಳೆಯದು ಅಂತ ಹೇಳ್ಲಿಕ್ಕೆ ಆಗ್ತದಾ?”

ಅಲ್ಲೇ ಕುಳಿತು ದುಂಡು ಮೂಲೆಯ ಪುಟ್ಟ ಪುಟ್ಟ ಚಿತ್ರಗಳನ್ನು ಮಾಡಿ, ಪ್ರತಿ ಟ್ಯಾಬಿನ ಎರಡೂ ತುದಿಗೆ ಕೂರಿಸಿದೆ. ಮಧ್ಯಾಹ್ನದ ಹೊತ್ತಿಗೆ ಹಳೆಯ ಬ್ರೌಸರಿನಲ್ಲೂ ಮೂಲೆಗಳು ದುಂಡಗಾದವು. ಹಮೀದಾಕ ಪರದೆಯ ಮೇಲೆ ಬೆರಳಾಡಿಸಿ ನೋಡಿದರು.

“ಈಗ ಸರಿ ಉಂಟು. ನಾಳೆ ನನ್ನ ತಮ್ಮ ದುಬೈಯಲ್ಲಿ ಇದನ್ನು ಒಂದು ಹೋಟೆಲಿನವರಿಗೆ ತೋರಿಸ್ತಾನೆ. ಒಮ್ಮೆ ಮಂಚ ಒತ್ತಿ ನೋಡುವ.”

ಒತ್ತಿದೆವು. ಖಾಲಿ ಬಿಳಿ ಪುಟ ಬಂತು.

ಒಂದು ವಾರದಿಂದ ಮೂಲೆಗಳಲ್ಲೇ ಮುಳುಗಿದ್ದ ನಾನು ಒಳಗೆ ಒಂದೇ ಒಂದು ಮಂಚವನ್ನೂ ಇಟ್ಟಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹಮೀದಾಕ ನಗಲೂ ಇಲ್ಲ, ಬೈಯಲೂ ಇಲ್ಲ.

“ಬಾಗಿಲು ಚಂದ ಆಗಿದೆ ಮೇಡಂ. ಇನ್ನು ಮನೆ ಕಟ್ಟುವ” ಎಂದು ಚಹಾ ತರಿಸಿದರು.

ಇದನ್ನು ಬರೆಯುವುದು ಬಿಟ್ಟು ನಾನೀಗ ಮಂಚದ ಫೋಟೋ ಹಾಕಬೇಕು.