ನಲ್ಲಿ ಮಾವ ಆರಿಸಿಕೊಂಡ ಟ್ಯೂಬು

ಬೀದಿಯವರಿಗೆಲ್ಲ ಅವರು ನಲ್ಲಿ ಮಾವ. ಮೂವತ್ತೆಂಟು ವರ್ಷ ಪ್ಲಂಬರ್ ಕೆಲಸ ಮಾಡಿದವರು. ಸೋರುವ ನಲ್ಲಿಯ ಮುಂದೆ ನಿಂತು ಎರಡು ಹನಿಗಳ ನಡುವಿನ ಹೊತ್ತು ಎಣಿಸಿ, ವಾಷರ್ ಸವೆದಿದೆಯೋ ನಲ್ಲಿಯೇ ಹೋಗಿದೆಯೋ ಬಿಚ್ಚದೆ ಹೇಳಿಬಿಡುತ್ತಿದ್ದರು. ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ಟೈಲರ್ ಅಂಗಡಿಯ ಶರ್ಟುಗಳಿಗೆ ಮನೆಯಲ್ಲೇ ಕಾಜಾ ಹೊಲಿದು ಗುಂಡಿ ಹಾಕಿಕೊಡುತ್ತಾರೆ. ಎರಡು ಕೋಣೆಯ ಮನೆ. ಒಂದರಲ್ಲಿ ಪೈಪಿನ ತುಂಡುಗಳು, ಇನ್ನೊಂದರಲ್ಲಿ ಶರ್ಟುಗಳು. ಶರ್ಟಿನ ಕೋಣೆಗೆ ರೆಂಚು ಬರಬಾರದೆಂಬುದು ಆ ಮನೆಯ ಏಕೈಕ ಕಾನೂನು.

ಮಾವನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷವಾಗಿತ್ತು. ಅದು ಮೊದಲು ಕಾಲ್ಬೆರಳುಗಳನ್ನು ಮರಗಟ್ಟಿಸಿತು, ಆಮೇಲೆ ಕೈಬೆರಳ ತುದಿಗಳನ್ನು. ಇವೆರಡೂ ಅವರಿಗೆ ಗೊತ್ತಿದ್ದವು. ಅದೇ ಕಾಯಿಲೆ ಮೂತ್ರಕೋಶದ ನರಗಳನ್ನೂ ತಿನ್ನುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ತುಂಬಿದ್ದು ತಿಳಿಯುತ್ತಿರಲಿಲ್ಲ, ತಿಳಿದರೂ ಹಿಂಡಿ ಹೊರಹಾಕುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಕೆಳಹೊಟ್ಟೆ ಕಲ್ಲಿನಂತೆ ಬಿಗಿದು, ಒಂದು ಹನಿ ಮೂತ್ರವೂ ಬಾರದೆ ಹೋದಾಗ, ಅತ್ತೆ ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಸಿಸ್ಟರ್ ಟ್ಯೂಬು ಹಾಕಿದರು. ಚೀಲಕ್ಕೆ ಒಂದೂಕಾಲು ಲೀಟರ್ ಇಳಿಯಿತು.

ಆ ವಾರ್ಡಿನ ಕೈತೊಳೆಯುವ ಬೇಸಿನ್ ಕೂರಿಸಿದ್ದು ಮಾವನೇ. ಸಿಸ್ಟರಿಗೆ ಅವರ ಪರಿಚಯವಿತ್ತು.

"ಟ್ಯಾಂಕ್ ಇಷ್ಟು ತುಂಬೋವರೆಗೂ ಏನ್ ಮಾಡ್ತಿದ್ರಿ ಮಾವ?"

"ಊರವರ ಟ್ಯಾಂಕ್ ನೋಡ್ತಿದ್ದೆ ಕಣಮ್ಮ," ಎಂದರು ಮಾವ. ಜೀವ ಹಗುರವಾಗಿ ಆಗಷ್ಟೇ ಮಾತು ಬಂದಿತ್ತು.

ಹತ್ತು ದಿನ ಟ್ಯೂಬು ಒಳಗೇ ಇರಲಿ, ಮೂತ್ರಪಿಂಡಗಳ ಊತ ಇಳಿಯಲಿ, ಆಮೇಲೆ ಮುಂದಿನ ಮಾತು ಎಂದು ಮನೆಗೆ ಕಳಿಸಿದರು. ಮಾವನಿಗೆ ನೋವಿಗಿಂತ ವಾಸನೆಯ ಭಯ ಹೆಚ್ಚು. ವಾಸನೆ ಬರುವ ಪ್ಲಂಬರನ್ನು ಯಾರು ಒಳಗೆ ಕರೆಯುತ್ತಾರೆ? ಅವರು ಮಂಚದ ಮೇಲೆ ಮಲಗಿ ಆ ತೆಳು ಪೈಪನ್ನೇ ನೋಡಿದರು. ಪ್ರತಿ ಬೇಸಿನ್ನಿನ ಕೆಳಗೂ ಒಂದು ಬಾಗಿದ ಪೈಪಿರುತ್ತದೆ. ಆ ಬಾಗಿನಲ್ಲಿ ಸ್ವಲ್ಪ ನೀರು ಸದಾ ನಿಂತಿದ್ದು ಚರಂಡಿಯ ವಾಸನೆ ಮೇಲೆ ಬಾರದಂತೆ ತಡೆಯುತ್ತದೆ. ಅಂಥ ಸಾವಿರಾರು ಬಾಗುಗಳನ್ನು ಕೂರಿಸಿದ ಕೈ ಸುಮ್ಮನಿರಲಿಲ್ಲ. ಟ್ಯೂಬನ್ನು ನಡುವೆ ಇಳಿಬಿಟ್ಟು, ಮತ್ತೆ ಮೇಲೆತ್ತಿ, ಮಂಚದ ಪಟ್ಟಿಗೆ ಟೇಪು ಸುತ್ತಿ, ಆಮೇಲೆ ಚೀಲಕ್ಕೆ ಬಿಟ್ಟರು.

"ಇದೇನ್ರೀ ಇದು, ಬಳ್ಳಿ ಹಬ್ಬಿಸಿದ ಹಾಗೆ?" ಎಂದರು ಅತ್ತೆ.

"ಟ್ರ್ಯಾಪ್ ಕಣೇ. ಡಾಕ್ಟ್ರಿಗೆ ಇದೆಲ್ಲ ಹೊಳೆಯಲ್ಲ."

ಮೂರನೇ ದಿನ ಹಲ್ಲು ಕಟಕಟಿಸುವ ಚಳಿಜ್ವರ ಬಂತು. ಆಸ್ಪತ್ರೆಯಲ್ಲಿ ಸಿಸ್ಟರ್ ಟ್ಯೂಬಿನ ಮೇಲೆ ಟೇಪಿನ ಗುರುತು ಕಂಡು ವಿಚಾರಿಸಿದರು, ವಿಷಯ ತಿಳಿದು ಹಣೆ ಚಚ್ಚಿಕೊಂಡರು.

"ಬೇಸಿನ್ ಪೈಪು ದಪ್ಪ, ಅದರಲ್ಲಿ ಗಾಳಿ ಆಡುತ್ತೆ. ಇದು ಕಡ್ಡಿ ಗಾತ್ರದ್ದು ಮಾವ. ಬಾಗಿನಲ್ಲಿ ಮೂತ್ರ ನಿಂತ್ರೆ ಮುಂದಕ್ಕೆ ಹೋಗೋದೇ ಇಲ್ಲ, ಹಿಂದಕ್ಕೆ ಒತ್ತುತ್ತೆ. ನಿಂತ ಕಡೆ ರೋಗಾಣು ಬೆಳೆಯುತ್ತೆ. ಟ್ಯೂಬು ನೇರವಾಗಿ ಇಳೀಬೇಕು, ಚೀಲ ಯಾವಾಗ್ಲೂ ಹೊಟ್ಟೆಗಿಂತ ಕೆಳಗಿರಬೇಕು. ಅಷ್ಟೇ ವಿದ್ಯೆ."

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ಮಜ್ಜಿಗೆ ಗಡಿಗೇಲಿ ಬಿತ್ತಂತೆ," ಎಂದರು ಅತ್ತೆ. ಸಿಸ್ಟರ್ ನಕ್ಕರು. ಮಾವ ನಗಲಿಲ್ಲ. ತಾನು ಎಳೆದ ಪೈಪ್ ಲೈನು ಹಿಂದೆಂದೂ ಹೀಗೆ ಕೈಕೊಟ್ಟದ್ದು ಅವರಿಗೆ ನೆನಪಿರಲಿಲ್ಲ.

ಜ್ವರ ಇಳಿದ ಮೇಲೆ ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತು ಕಾಗದದ ಮೇಲೆ ಚಿತ್ರ ಬರೆದರು. ಮೂತ್ರಕೋಶದ ಶಕ್ತಿ ಮರಳುವ ಭರವಸೆ ಇಲ್ಲ, ಟ್ಯೂಬು ಬೇಕೇ ಬೇಕು. ಯಾವುದು ಎಂಬುದನ್ನಷ್ಟೇ ಆರಿಸಬಹುದು. ಒಂದು, ದಿನಕ್ಕೆ ನಾಲ್ಕೈದು ಸಲ ತೆಳು ಟ್ಯೂಬನ್ನು ತಾನೇ ಹಾಕಿಕೊಂಡು, ಖಾಲಿ ಮಾಡಿ, ತೆಗೆದುಬಿಡುವುದು. ಉಳಿದ ಹೊತ್ತು ಮೈಮೇಲೆ ಏನೂ ಇರುವುದಿಲ್ಲ, ಸೋಂಕಿನ ಭಯವೂ ಕಡಿಮೆ. ಎರಡು, ಈಗಿರುವಂತೆ ಮೂತ್ರದ ದಾರಿಯಲ್ಲೇ ಸದಾ ಒಂದು ಟ್ಯೂಬು. ಮೂರು, ಹೊಕ್ಕುಳದ ಕೆಳಗೆ ಸಣ್ಣ ತೂತು ಮಾಡಿ ಅಲ್ಲಿಂದ ಟ್ಯೂಬು.

ಮಾವ ಚಿತ್ರ ಮುಗಿಯುವ ಮೊದಲೇ ಒಂದನೆಯದರ ಮೇಲೆ ಬೆರಳಿಟ್ಟರು. "ಇದೇ ಆಗಲಿ. ಯಾರ ಕೈಯೂ ಬೇಡ."

ಅವರಿಗೆ ಬೇಕಾದದ್ದು ಅಷ್ಟೇ. ಬೇರೆಯವರ ಕೈಗೆ ತನ್ನನ್ನು ಕೊಡಬಾರದು, ಹೇಗಾದರೂ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋಗಬೇಕು. ಅದು ಉಪಕರಣದ ಚೀಲ, ಈ ಚೀಲವಲ್ಲ.

ಸಿಸ್ಟರ್ ಮೂರು ಮಧ್ಯಾಹ್ನ ಕಲಿಸಿದರು. ಕೈ ಸೋಪಿನಲ್ಲಿ ತೊಳೆಯಬೇಕು. ಪೊಟ್ಟಣ ಬಿಡಿಸಬೇಕು. ಟ್ಯೂಬಿನ ತುದಿ ಯಾವುದಕ್ಕೂ ತಾಗಬಾರದು, ತಾಗಿದರೆ ಎಸೆದು ಹೊಸದು ತೆಗೆಯಬೇಕು. ಟ್ಯೂಬು ಐದು ಮಿಲಿಮೀಟರಿಗಿಂತ ಸಣ್ಣದು, ಮೇಲೆ ಜಾರುವ ಲೇಪ. ಮುಕ್ಕಾಲು ಇಂಚಿನ ಪೈಪನ್ನು ಕತ್ತಲಲ್ಲಿ ಜೋಡಿಸುತ್ತಿದ್ದ ಬೆರಳುಗಳಿಗೆ ಇದನ್ನು ಹಿಡಿದಿದ್ದೇವೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಕಣ್ಣಿಟ್ಟು ಹಿಡಿದರೆ ಕೈಯೇ ಕಣ್ಣಿಗೆ ಅಡ್ಡ. ಮೊದಲ ದಿನ ಐದು ಟ್ಯೂಬು ಕಸದ ಬುಟ್ಟಿಗೆ ಹೋದವು, ಎರಡನೇ ದಿನ ಆರು. ಮೂರನೇ ದಿನ ಒಂದು ಒಳಗೆ ಹೋಯಿತು, ಮೂತ್ರವೂ ಬಂತು. ಅತ್ತೆ ಪರದೆಯಾಚೆಯಿಂದಲೇ "ಬಂತಾ?" ಎಂದು ಕೂಗಿದರು. ಆದರೆ ಮೂತ್ರದ ಹಿಂದೆಯೇ ರಕ್ತ ಬಂತು. ಎಷ್ಟು ಒತ್ತುತ್ತಿದ್ದೇನೆಂದು ಬೆರಳಿಗೆ ಗೊತ್ತಾಗಿರಲಿಲ್ಲ.

ಡಾಕ್ಟರ್ ಸಾಕು ಎಂದರು.

ಅವತ್ತು ಸಂಜೆ ವಾರ್ಡಿನಲ್ಲಿ ಅತ್ತೆ ಮೆಲ್ಲಗೆ ಮಾತು ತೆಗೆದರು. "ನಾನು ಪರದೆ ಸಂದಿಯಿಂದ ನೋಡ್ಕೊಂಡೆ ರೀ, ಸಿಸ್ಟರ್ ಹೇಳಿಕೊಡೋದನ್ನ. ಕಾಜಾ ಹೊಲಿಯೋದಕ್ಕಿಂತ ಕಷ್ಟ ಇಲ್ಲ. ನಾನೇ ಹಾಕ್ತೀನಿ."

"ಬೇಡ."

"ಯಾಕೆ ಬೇಡ?"

"ದಿನಕ್ಕೆ ಐದು ಸಲ ನಿನ್ನ ಮುಂದೆ ಲುಂಗಿ ಎತ್ತಿ ಮಲಗ್ಲಾ? ನೀನು ಅಂಗಡಿಗೆ ಹೋದ್ರೆ ನಿನ್ನ ಹಿಂದೆ ಓಡಿ ಬರ್ಲಾ?"

"ಮೂವತ್ತಾರು ವರ್ಷ ಸಂಸಾರ ಮಾಡಿ, ಈಗ ಹೊಸ ಮದುವೆ ಗಂಡಿನ ಹಾಗೆ ನಾಚ್ಕೋತೀರಲ್ಲ!"

"ನಾಚಿಕೆ ಅಲ್ಲ ಕಣೇ," ಎಂದರು ಮಾವ. ಗೋಡೆಯ ಕಡೆ ಹೊರಳಿದರು.

ಮರುದಿನ ಮಾವ ಡಾಕ್ಟರಿಗೆ ಮೂರನೆಯ ಚಿತ್ರವನ್ನು ತೋರಿಸಿದರು. ಡಾಕ್ಟರ್ ಮುಚ್ಚುಮರೆ ಮಾಡದೆ ಹೇಳಿದರು: ಕೂರಲು, ನಡೆಯಲು, ಮೈ ತೊಳೆಯಲು ಹೊಟ್ಟೆಯ ಟ್ಯೂಬು ಹಿತವೆನ್ನುವವರು ಬಹಳ, ಆದರೆ ಅದನ್ನೂ ಕೆಲವು ವಾರಕ್ಕೊಮ್ಮೆ ಬೇರೆಯವರೇ ಬದಲಿಸಬೇಕು. ಎಳೆತಕ್ಕೆ ಹೊರಬಂದರೆ ತೂತು ಬೇಗ ಮುಚ್ಚಿಕೊಳ್ಳುತ್ತದೆ, ತಕ್ಷಣ ಓಡಿ ಬರಬೇಕು. "ಆಗಲಿ," ಎಂದರು ಮಾವ. ಐದು ಸಲದ ಕೈಗಿಂತ ಕೆಲವು ವಾರಕ್ಕೊಮ್ಮೆಯ ಕೈ ವಾಸಿ ಎಂಬುದು ಅವರ ಲೆಕ್ಕ.

ಹಿತವೆನ್ನುವುದು ಸುಳ್ಳಾಗಲಿಲ್ಲ. ತೂತು ಮಾಡಿ ಟ್ಯೂಬು ಹಾಕಿದ ಎರಡನೇ ವಾರ ಕಳೆಯುವಾಗ ಅದು ಇದೆಯೆಂಬುದನ್ನೇ ಅವರು ಗಂಟೆಗಟ್ಟಲೆ ಮರೆಯುತ್ತಿದ್ದರು. ಅತ್ತೆ ಪ್ಯಾಂಟಿನ ಒಳಗೆ ಟ್ಯೂಬು ಹಾಯಲು ಒಂದು ಕಾಜಾ ತೆಗೆದು, ತೊಡೆಗೆ ಕಟ್ಟುವ ಸಣ್ಣ ಚೀಲ ಜೋತಾಡದಂತೆ ಮೆತ್ತನೆಯ ಪಟ್ಟಿ ಹೊಲಿದರು. ದಿನವೂ ಸೋಪುನೀರಿನಲ್ಲಿ ತೂತಿನ ಸುತ್ತ ತೊಳೆದು ಒರೆಸುವುದು, ಚೀಲ ಅರ್ಧ ದಾಟಿದರೆ ಖಾಲಿ ಮಾಡುವುದು, ಮಲಗುವಾಗ ದೊಡ್ಡ ಚೀಲ ಜೋಡಿಸುವುದು. ಇಷ್ಟನ್ನು ಮರಗಟ್ಟಿದ ಬೆರಳಲ್ಲೂ ಮಾವ ತಾವೇ ಮಾಡಿಕೊಂಡರು. ಬಗ್ಗಿ ಮಾಡುವ ಕೆಲಸ ಬಿಟ್ಟು, ಸ್ಟೂಲಿನ ಮೇಲೆ ಕೂತು ಮಾಡುವ ನಲ್ಲಿ ಕೆಲಸ ಹಿಡಿದರು.

ಒಂದೇ ತೊಡಕು. ಚೀಲ ಖಾಲಿ ಮಾಡಲು ಜನರ ಮನೆಯಲ್ಲಿ ಕೇಳಬೇಕಿತ್ತು. ಜನ್ಮವಿಡೀ ಊರಿನ ಬಚ್ಚಲುಗಳಿಗೆ ರೆಂಚು ಹಿಡಿದು ನುಗ್ಗಿದ ಮನುಷ್ಯನಿಗೆ "ಅಮ್ಮಾ, ಒಂದ್ಸಲ ನಿಮ್ಮ ಬಚ್ಚಲಿಗೆ ಹೋಗ್ಲಾ" ಎಂದು ಕೇಳುವುದು ಆಗದ ಕೆಲಸವಾಗಿತ್ತು. ದಿನಕ್ಕೆ ಎರಡು ಲೀಟರ್ ನೀರು ಕುಡಿಯಿರಿ ಎಂದು ಸಿಸ್ಟರ್ ಹೇಳಿದ್ದರು. ಮಾವ ಅದನ್ನು ಒಂದಕ್ಕೆ ಇಳಿಸಿದರು, ಕೆಲಸವಿದ್ದ ದಿನ ಇನ್ನೂ ಕಡಿಮೆಗೆ. ಚೀಲ ತಡವಾಗಿ ತುಂಬಿತು. ಯಾರನ್ನೂ ಕೇಳುವ ಪ್ರಮೇಯ ಬರಲಿಲ್ಲ. ಮೂತ್ರ ಗಾಢವಾಗಿ ಬಣ್ಣ ಕಟ್ಟಿದ್ದು ಅವರಿಗೆ ಕಂಡಿತ್ತು, ಅತ್ತೆಗೆ ಹೇಳಲಿಲ್ಲ.

ಆರನೇ ವಾರ, ಊಟದ ಹೊತ್ತಿಗೆ, ಚೀಲಕ್ಕೆ ಏನೂ ಇಳಿಯುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಬೆಳಿಗ್ಗೆ ಎಂಟಕ್ಕೆ ಇದ್ದಷ್ಟೇ ಇದೆ. ಮಾವ ಕುರ್ಚಿಯಲ್ಲಿ ಕೂತು ಲೈನು ಪರೀಕ್ಷಿಸುವಂತೆ ಪರೀಕ್ಷಿಸಿದರು. ಚೀಲ ಕೆಳಗಿದೆ. ಟ್ಯೂಬು ಎಲ್ಲೂ ಮಡಚಿಲ್ಲ. ಪ್ಯಾಂಟಿನ ಕಾಜಾ ಒತ್ತುತ್ತಿಲ್ಲ. ಜೋಡಣೆ ಬಿಗಿಯಾಗಿದೆ. ಹೊರಗೆ ಕಟ್ಟಿಲ್ಲವೆಂದರೆ ಒಳಗೇ ಕಟ್ಟಿದೆ. ಮನೆಯ ಪೈಪಾಗಿದ್ದರೆ ತಂತಿ ತೂರಿಸಬಹುದಿತ್ತು, ಪಂಪು ಒತ್ತಬಹುದಿತ್ತು, ಬಿಚ್ಚಿ ಕುಟ್ಟಬಹುದಿತ್ತು. ಎಲ್ಲಿ ಕಟ್ಟಿದೆ ಎಂಬುದು ಇಷ್ಟು ಸರಿಯಾಗಿ ಗೊತ್ತಿದ್ದೂ ಏನೂ ಮಾಡಲಾಗದೆ ಅವರು ಎಂದೂ ಕೂತಿರಲಿಲ್ಲ.

"ಸಿಸ್ಟರಿಗೆ ಫೋನ್ ಮಾಡ್ಲಾ?" ಎಂದರು ಅತ್ತೆ.

"ಸ್ವಲ್ಪ ತಡಿ."

ಇಪ್ಪತ್ತು ನಿಮಿಷ ತಡೆದರು. ಹೊಟ್ಟೆ ಬಿಗಿಯಿತು, ಹಣೆಯಲ್ಲಿ ಬೆವರು ಹನಿಯಿತು. ಅತ್ತೆ ಅರ್ಧ ಹೊಲಿದ ಕಾಜಾದಲ್ಲೇ ಸೂಜಿ ಚುಚ್ಚಿಟ್ಟು ಎದ್ದು ನಿಂತಿದ್ದರು.

"ಮಾಡು," ಎಂದರು ಮಾವ.

ಆಸ್ಪತ್ರೆಯಲ್ಲಿ ಡಾಕ್ಟರೇ ಹಳೆಯದನ್ನು ತೆಗೆದು ಹೊಸದು ಹಾಕಿದರು. ಮೂತ್ರ ಹರಿಯಿತು, ಹೊಟ್ಟೆ ಸಡಿಲವಾಯಿತು. ಹಳೆಯ ಟ್ಯೂಬು ತಟ್ಟೆಯಲ್ಲಿತ್ತು. ತುದಿಯ ತೂತುಗಳನ್ನು ಬಿಳಿಚಿದ ಗಸಿ ಮುಚ್ಚಿತ್ತು.

"ಅದನ್ನೊಮ್ಮೆ ಮುಟ್ಟಿ ನೋಡೇ," ಎಂದರು ಮಾವ ಹೆಂಡತಿಗೆ. "ಗರಗರ ಅನ್ನುತ್ತಾ?"

ಸಿಸ್ಟರ್ ಕೊಟ್ಟ ಕೈಗವಸು ಹಾಕಿಕೊಂಡು ಅತ್ತೆ ಮುಟ್ಟಿದರು. "ಹೂಂ. ಬಿಸಿನೀರಿನ ಪೈಪಲ್ಲಿ ಸುಣ್ಣ ಕಟ್ಟುತ್ತಲ್ಲ, ಹಾಗೆ."

"ನೀರು ಎಷ್ಟು ಕುಡೀತಿದ್ರಿ?" ಎಂದು ಡಾಕ್ಟರ್ ಕೇಳಿದರು. ಮಾವ ತಟ್ಟೆಯಲ್ಲಿದ್ದ ಟ್ಯೂಬಿನ ಕಡೆ ತಿರುಗಿದರು. ಅತ್ತೆ ಅವರ ಮುಖ ನೋಡಿ ತಿಳಿದುಕೊಂಡರು.

"ನೀರು ಕುಡಿದ್ರೂ ಕೆಲವರಿಗೆ ಹೀಗೆ ಮತ್ತೆ ಮತ್ತೆ ಕಟ್ಟುತ್ತೆ," ಎಂದರು ಡಾಕ್ಟರ್. "ನಿಮಗೂ ಹಾಗಾದ್ರೆ ಮನೇಲೇ ಸಿರಿಂಜಿನಿಂದ ನೀರು ಹಾಯಿಸಿ ತೊಳೆಯೋದನ್ನ ಯಾರಾದ್ರೂ ಕಲಿತಿರೋದು ಒಳ್ಳೇದು. ಬೆರಳಲ್ಲಿ ಸ್ಪರ್ಶ ಇರೋರು. ಯಾರು ಕಲೀತೀರಿ?"

ಈ ಸಲ ಅತ್ತೆ ತಾವಾಗಿ ಮುಂದೆ ಬರಲಿಲ್ಲ, ಕೈಗವಸು ಬಿಚ್ಚಿಟ್ಟರು. ಸಿಸ್ಟರೂ ಹತ್ತಿಯ ಡಬ್ಬಿ ಮುಚ್ಚುತ್ತ ಕಾದರು. ಮಾವ ತಮ್ಮ ಎರಡು ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡಿದರು.

"ಅವಳಿಗೇ ಹೇಳಿಕೊಡಿ," ಎಂದರು.

ಸಿಸ್ಟರ್ ಸಿರಿಂಜಿಗೆ ಶುದ್ಧವಾದ ಉಪ್ಪುನೀರು ತುಂಬಿ ಅತ್ತೆಯ ಕೈಗೆ ಕೊಟ್ಟು, ಮೆಲ್ಲಗೆ ಹಾಯಿಸಿ, ಒತ್ತಾಯ ಮಾಡಬೇಡಿ, ತಡೆದರೆ ನಿಲ್ಲಿಸಿ ಎಂದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಾಗಿದರು. ಮೊದಲ ಸಲಕ್ಕೇ ಸಿರಿಂಜಿನ ತುದಿ ಎಲ್ಲಿಗೂ ತಾಗದೆ ಟ್ಯೂಬಿನಲ್ಲಿ ಸರಿಯಾಗಿ ಕೂತಿತು.

"ನೋಯುತ್ತೇನ್ರೀ? ತಣ್ಣಗಿದೆಯಾ?"

ಮಾವ ಚಾವಣಿಯ ಕಡೆ ನೋಡುತ್ತ ಮಲಗಿದ್ದರು.

"ಗೊತ್ತಾಗ್ತಾ ಇಲ್ಲ ಕಣೇ," ಎಂದರು. "ನೀನು ಹಾಕು."