ಗೊಲ್ಯಾತನ ಪದ್ಯಗಳು

ಹೊಸನಗರದ ಗೌರೀಶ ಭಟ್ಟರು ಭಾಗವತಿಕೆ ಬಿಟ್ಟಿದ್ದಾರೆ, ಸಿಟ್ಟು ಬಿಟ್ಟಿಲ್ಲ. ನಾವಿಬ್ಬರೂ ಸೇರಿ ಯಕ್ಷಗಾನ ಪ್ರಸಂಗ ಬರೆಯುತ್ತೇವೆ. ಕಥೆ ನನ್ನದು, ಪದ್ಯ ಅವರದು. ನಾನು ಚರ್ಚಿನಲ್ಲಿ ಕೇಳಿ ಬೆಳೆದ ದಾವೀದನ ಕಥೆಯನ್ನು ಪ್ರಸಂಗ ಮಾಡೋಣವೆಂದು, ಸಾಗರ ಪೇಟೆಯಲ್ಲಿ ಅವರಿಗೆ ಅದರ ಅನಿಮೇಷನ್ ಸಿನಿಮಾ ತೋರಿಸಿದೆ. ಹುಡುಗ ದಾವೀದ ಕವಣೆ ಬೀಸಿದ, ದೈತ್ಯ ಗೊಲ್ಯಾತ ಉರುಳಿದ. ಭಟ್ಟರು ಎದ್ದೇ ನಿಂತರು.

"ಎಂತ ಟೀಚರೇ ಇದು! ಅಷ್ಟು ದೊಡ್ಡ ವೇಷಕ್ಕೆ ಕುಣಿದು ರಂಗಕ್ಕೆ ಬರೋ ಒಡ್ಡೋಲಗ ಇಲ್ಲ, ವಾದ ಇಲ್ಲ, ಸತ್ತೇ ಹೋಯ್ತಲ್ಲ!"

ಮರುವಾರ ಭೇಟಿಯಾದಾಗ ಗೊಲ್ಯಾತನಿಗೆ ಇಪ್ಪತ್ತೆರಡು ಪದ್ಯ ಬರೆದು ತಂದಿದ್ದರು. ದಾವೀದನಿಗೆ ಎರಡೇ.

"ಭಟ್ರೇ, ಗೆಲ್ಲೋನು ದಾವೀದ ಅಲ್ವಾ?" ಎಂದೆ.

"ಹೌದು. ಅವನ ಕೈಲಿ ಕಲ್ಲಿದೆಯಲ್ಲ. ಮಾತು ಬೇಕಾದ್ದು ಸಾಯೋನಿಗೆ."